ಅಪ್ಪನ ಸ್ಕೋರು, ಮಗನ ಕೋಲು

1982ರ ಡಿಸೆಂಬರ್. ವಿಯೆನ್ನಾ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದವರು ಬೀಥೋವನ್‌ನ ನಾಲ್ಕನೇ ಸಿಂಫನಿಯ ರಿಹರ್ಸಲ್‌ಗೆ ಕೂತಿದ್ದಾರೆ. ಅದರ ಎರಡನೇ ಭಾಗ ಶುರುವಾಗೋದೇ ಸೆಕೆಂಡ್ ವಯೊಲಿನ್‌ಗಳ ಒಂದು ಸಣ್ಣ ಲಯದಿಂದ. ರಾಗ ಇನ್ನೂ ಬಂದಿಲ್ಲ, ಬರೀ ತೂಗಾಟ. ಕಂಡಕ್ಟರ್ ಹೇಳಿದ: ಇದು ‘ತೆರೇಸೆ, ತೆರೇಸೆ’ ಅಂತ ಕೇಳಿಸಬೇಕು. ನುಡಿಸಿದರು. ಸರಿ ಬರಲಿಲ್ಲ. ಮತ್ತೆ ನುಡಿಸಿದರು. ನೀವು ‘ಮರೀ, ಮರೀ’ ಅಂತ ನುಡಿಸ್ತಿದೀರಿ ಅನ್ನೋದು ಆತನ ದೂರು. ಕೊನೆಗೆ ಆತ ಎದ್ದು ಹೊರಟೇ ಹೋದ. ವಾಪಸ್ ಬರಲಿಲ್ಲ. ಆ ಕಛೇರಿಗಳನ್ನು ಬೇರೊಬ್ಬರು ಬಂದು ನಡೆಸಿಕೊಡಬೇಕಾಯಿತು.

ಆ ಕಂಡಕ್ಟರ್ ಹೆಸರು ಕಾರ್ಲೋಸ್ ಕ್ಲೈಬರ್. ಪಾಶ್ಚಾತ್ಯ ಸಂಗೀತ ಕೇಳುವವರ ನಡುವೆ ಈ ಹೆಸರನ್ನು ಸ್ವಲ್ಪ ಧ್ವನಿ ತಗ್ಗಿಸಿ ಹೇಳ್ತಾರೆ. 2011ರಲ್ಲಿ ಬಿಬಿಸಿಯ ಸಂಗೀತ ಪತ್ರಿಕೆ ಆಗಿನ ನೂರು ಜನ ಕಂಡಕ್ಟರುಗಳನ್ನು ಕೇಳಿ ಒಂದು ಪಟ್ಟಿ ಮಾಡಿತು. ಮೊದಲನೇ ಜಾಗ ಈತನಿಗೆ. ಜೀವನದಲ್ಲಿ ಬೆರಳೆಣಿಕೆಯಷ್ಟು ಸ್ಟುಡಿಯೋ ರೆಕಾರ್ಡಿಂಗ್ ಮಾಡಿದ, ಒಪ್ಪಿಕೊಂಡ ಕಾರ್ಯಕ್ರಮಗಳನ್ನು ಕೊನೇ ಗಳಿಗೆಯಲ್ಲಿ ಬಿಟ್ಟುಕೊಟ್ಟ, 43 ವರ್ಷ ದಾಟಿದ ಮೇಲೆ ಯಾವ ಆರ್ಕೆಸ್ಟ್ರಾದಲ್ಲೂ ಖಾಯಂ ಕೆಲಸ ಮಾಡದ ಮನುಷ್ಯನಿಗೆ ಸಿಕ್ಕ ಮೊದಲನೇ ಜಾಗ!

ನಾನೂ ಎಷ್ಟೋ ವರ್ಷ ಈ ಭಕ್ತರ ಸಾಲಲ್ಲೇ ನಿಂತಿದ್ದವನು. ಈಗ ಸಾಲು ಬಿಟ್ಟು ಹೋಗಿಲ್ಲ, ಆದರೆ ಮುಂದಿರುವವರು ಕೂಗುತ್ತಿರುವ ಜೈಕಾರದಲ್ಲಿ ಏನೋ ತಪ್ಪಿದೆ ಅನ್ನಿಸೋಕೆ ಶುರುವಾಗಿದೆ. ಅದಕ್ಕೇ ಈ ಬರಹ.

ಮೊದಲು ಕಂಡಕ್ಟರ್ ಅಂದರೇನು ಅನ್ನೋದನ್ನ ಹೇಳಿಬಿಡ್ತೀನಿ. ನಮ್ಮೂರಲ್ಲಿ ಕಂಡಕ್ಟರ್ ಅಂದ್ರೆ ಚೀಟಿ ಹರಿಯುವವನು, ಅಷ್ಟೇ. ಇಂಜಿನಿಯರಿಂಗ್ ಓದೋಕೆ ಪೇಟೆಗೆ ಬರುವ ತನಕ ನಾನು ನೋಡಿದ್ದ ‘ಮೇಳ ನಡೆಸುವವರು’ ಅಂದರೆ ಯಕ್ಷಗಾನದ ಭಾಗವತರು. ಜಾಗಟೆ ಹಿಡಿದು ಕೂತು, ಚೆಂಡೆ ಮದ್ದಳೆಗೆ ಕಣ್ಣಲ್ಲೇ ಹೇಳಿ, ವೇಷಧಾರಿಯನ್ನು ಕುಣಿಸಿ, ಪ್ರಸಂಗವನ್ನು ಬೆಳಗಿನ ತನಕ ಎಳೆದೊಯ್ಯುವವರು. ಕಂಡಕ್ಟರ್ ಕೆಲಸವೂ ಹತ್ತಿರ ಹತ್ತಿರ ಅದೇ. ಒಂದು ದೊಡ್ಡ ವ್ಯತ್ಯಾಸ ಏನಂದ್ರೆ ಭಾಗವತರು ಸ್ವತಃ ಹಾಡ್ತಾರೆ. ಕಂಡಕ್ಟರ್ ಮಾತ್ರ ಒಂದು ಸ್ವರವನ್ನೂ ಹೊರಡಿಸೋದಿಲ್ಲ. ಎಂಬತ್ತು ಜನ ನುಡಿಸ್ತಾರೆ, ಈತ ಕೋಲು ಆಡಿಸ್ತಾನೆ. ಹಾಗಾಗಿ ಆತನ ಕೆಲಸ ಏನು ಅನ್ನೋದು ಕಾಣೋದು ಕಛೇರಿಯಲ್ಲಲ್ಲ, ರಿಹರ್ಸಲ್‌ನಲ್ಲಿ.

ಅದೃಷ್ಟಕ್ಕೆ ಕ್ಲೈಬರ್‌ನ ಒಂದು ರಿಹರ್ಸಲ್ ಫಿಲ್ಮ್ ಉಳಿದಿದೆ. 1970ರಲ್ಲಿ ಸ್ಟುಟ್‌ಗಾರ್ಟ್ ರೇಡಿಯೋ ಆರ್ಕೆಸ್ಟ್ರಾದ ಜೊತೆ ಎರಡು ಓವರ್ಚರ್‌ಗಳನ್ನು ಸಿದ್ಧ ಮಾಡುವುದು: ವೆಬರ್‌ನ ‘ಡೇರ್ ಫ್ರೈಶುಟ್ಸ್’, ಯೊಹಾನ್ ಸ್ಟ್ರಾಸ್‌ನ ‘ಡೀ ಫ್ಲೆಡರ್‌ಮೌಸ್’. ನಾನು ಆನ್‌ಸೈಟ್ ಅಂತ ಆರು ತಿಂಗಳು ಅದೇ ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ಒಬ್ಬ ಸಹೋದ್ಯೋಗಿ ಇದರ ಡಿವಿಡಿ ಕೊಟ್ಟ. ಜರ್ಮನ್ ಅರ್ಧಂಬರ್ಧ ಬರುತ್ತಿತ್ತು, ಕೆಳಗೆ ಸಬ್‌ಟೈಟಲ್ ಇತ್ತು. ಒಂದೇ ಕೂರಿಕೆಯಲ್ಲಿ ಎರಡು ಸಲ ನೋಡಿದೆ.

ನಲವತ್ತರ ಹರೆಯದ ತೆಳ್ಳನೆ ಮನುಷ್ಯ. ‘ಇಲ್ಲಿ ಜೋರು, ಅಲ್ಲಿ ಮೆಲ್ಲಗೆ’ ಅನ್ನೋ ಭಾಷೆ ಆತನದ್ದಲ್ಲ. ಕಥೆ ಹೇಳ್ತಾನೆ, ಹೋಲಿಕೆ ಕೊಡ್ತಾನೆ, ಈ ನಾಲ್ಕು ಸ್ವರದ ಹಿಂದೆ ಯಾರಿದ್ದಾರೆ, ಅವರ ಮನಸ್ಸಲ್ಲಿ ಏನಿದೆ ಅಂತ ವಿವರಿಸ್ತಾನೆ. ಶುರುವಿಗೆ ವಾದಕರ ಮುಖ ನೋಡಬೇಕು. ‘ಇವನೊಬ್ಬ ಬಂದ, ಮಾತೇ ಮುಗಿಯಲ್ಲ’ ಅನ್ನುವ ಮುಖ. ಮಧ್ಯಾಹ್ನದ ಮೀಟಿಂಗ್‌ನಲ್ಲಿ ನಮ್ಮ ಟೀಮಿನ ಮುಖ ಹೇಗಿರುತ್ತೋ ಹಾಗೆ. ಆದರೆ ಆತ ಬಿಡೋದಿಲ್ಲ. ಕೇಳ್ತಾನೆ, ಕ್ಷಮೆ ಕೇಳ್ತಾನೆ, ಮತ್ತೆ ಕೇಳ್ತಾನೆ. ನಿಧಾನಕ್ಕೆ ಧ್ವನಿ ಬದಲಾಗುತ್ತೆ. ಅದೇ ಸ್ವರ, ಅದೇ ವೇಗ, ಆದರೂ ಈಗ ಅದರಲ್ಲಿ ಯಾರೋ ಮಾತಾಡ್ತಿದ್ದಾರೆ.

ತೆರೇಸೆಯ ಗುಟ್ಟೂ ಇದೇ. ಜರ್ಮನ್ ಬಾಯಲ್ಲಿ ‘ತೆರೇಸೆ’ ಅಂದರೆ ಮೂರು ಅಕ್ಷರ. ಭಾರ ನಡುವಿನದ್ದಕ್ಕೆ, ಕೊನೆಯದು ಹಗುರಾಗಿ ಜಾರಿಹೋಗುತ್ತೆ. ‘ಮರೀ’ ಎರಡೇ ಅಕ್ಷರ, ಭಾರ ಕೊನೆಗೆ ಬಿದ್ದು ಅಲ್ಲೇ ನಿಂತುಬಿಡುತ್ತೆ. ಮೊದಲನೆಯದು ತೊಟ್ಟಿಲು ತೂಗಿದ ಹಾಗೆ, ಎರಡನೆಯದು ಬಾಗಿಲು ಹಾಕಿದ ಹಾಗೆ. ಸಿಂಫನಿಯ ಆ ಭಾಗ ಪೂರ್ತಿ ಈ ತೂಗಾಟದ ಮೇಲೆ ನಿಂತಿದೆ. ಅದು ಹಾಳಾದರೆ ಮೇಲೆ ಬರುವ ರಾಗಕ್ಕೆ ನೆಲವೇ ಇಲ್ಲ. ಅಂದರೆ ಕ್ಲೈಬರ್ ಕೇಳಿದ್ದು ಹುಚ್ಚಾಟವಲ್ಲ. ಸಂಗೀತದಲ್ಲಿ ನಿಜವಾಗಿ ಇರುವುದನ್ನೇ ಕೇಳಿದ.

ಇದಕ್ಕೆ ಸಾಕ್ಷಿ ಬೇಕಾದರೆ ಅದೇ ವರ್ಷ ಮೇ 3ರಂದು ಮ್ಯೂನಿಕ್‌ನಲ್ಲಿ ಬವೇರಿಯನ್ ಸ್ಟೇಟ್ ಆರ್ಕೆಸ್ಟ್ರಾದ ಜೊತೆ ಆತ ನಡೆಸಿದ ಇದೇ ನಾಲ್ಕನೇ ಸಿಂಫನಿ ಕೇಳಿ. ಕಾರ್ಲ್ ಬೋಮ್ ನೆನಪಿಗೆ ಮಾಡಿದ ಕಛೇರಿ, ಆಮೇಲೆ ಓರ್ಫಿಯೋ ಕಂಪನಿಯಿಂದ ರೆಕಾರ್ಡ್ ಆಗಿ ಬಂತು. ಹೆಡ್‌ಫೋನ್ ಹಾಕಿಕೊಂಡು ಸೆಕೆಂಡ್ ವಯೊಲಿನ್‌ಗಳನ್ನು ಮಾತ್ರ ಹಿಂಬಾಲಿಸಿ. ಸಾಮಾನ್ಯವಾಗಿ ಈ ಪಾಪದವರು ಫಸ್ಟ್ ವಯೊಲಿನ್‌ಗಳ ಬೆನ್ನ ಹಿಂದೆ ಅಡಗಿರ್ತಾರೆ. ಕ್ಲೈಬರ್ ಅಪ್ಪನ ಕಾಲದ ಪದ್ಧತಿಯಂತೆ ಅವರನ್ನು ವೇದಿಕೆಯ ಎದುರು ಬದಿಗೆ ಕೂರಿಸುತ್ತಿದ್ದ. ಆಗ ಎರಡೂ ಗುಂಪು ಮುಖಾಮುಖಿ ಮಾತಾಡೋದು ಕೇಳಿಸುತ್ತೆ. ವಿಯೆನ್ನಾದಲ್ಲಿ ಮಾಡಿದ ಏಳನೇ ಸಿಂಫನಿಯ ಕೊನೇ ಭಾಗದಲ್ಲಂತೂ ಎಡಕ್ಕೂ ಬಲಕ್ಕೂ ಚೆಂಡಾಟ ನಡೆದ ಹಾಗಿದೆ.

ಅಪ್ಪನ ಕಾಲದ ಪದ್ಧತಿ ಅಂದೆನಲ್ಲ, ಅಲ್ಲಿಗೇ ಬರೋಣ. ಕಾರ್ಲೋಸ್‌ನ ಅಪ್ಪನನ್ನು ಬಿಟ್ಟು ಕಾರ್ಲೋಸ್‌ನ ಬಗ್ಗೆ ಮಾತಾಡೋಕೆ ಆಗಲ್ಲ.

ಎರಿಖ್ ಕ್ಲೈಬರ್ 1923ರಿಂದ ಬರ್ಲಿನ್ ಸ್ಟೇಟ್ ಒಪೆರಾದ ಮುಖ್ಯಸ್ಥ. 1925ರ ಡಿಸೆಂಬರ್ 14ರಂದು ಆಲ್ಬನ್ ಬೆರ್ಗ್‌ನ ‘ವೊಟ್ಸೆಕ್’ ಒಪೆರಾವನ್ನು ಮೊದಲ ಸಲ ಜಗತ್ತಿಗೆ ಕೇಳಿಸಿದವನು ಆತನೇ. ನಾಜಿಗಳು ಬಂದ ಮೇಲೆ ಬೆರ್ಗ್‌ನ ಸಂಗೀತ ಅವರ ಕಣ್ಣಿಗೆ ‘ಕೊಳೆತದ್ದು’ ಆಯಿತು. ಎರಿಖ್ 1934ರ ನವೆಂಬರ್ 30ರಂದು ಬೆರ್ಗ್‌ನ ‘ಲುಲು’ವಿನ ತುಣುಕುಗಳನ್ನು ಬರ್ಲಿನ್‌ನಲ್ಲೇ ನುಡಿಸಿದ. ಕೆಲವೇ ದಿನಕ್ಕೆ ರಾಜೀನಾಮೆ ಕೊಟ್ಟ. ಮುಂದಿನ ವರ್ಷದ ಶುರುವಿಗೆ ದೇಶ ಬಿಟ್ಟ. ಆತ ಯಹೂದಿಯಲ್ಲ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ಇದ್ದವರು ಬೇಕಾದಷ್ಟು ಜನ ಇದ್ದರು.

1930ರ ಜುಲೈ 3ರಂದು ಬರ್ಲಿನ್‌ನಲ್ಲಿ ಹುಟ್ಟಿದ ಮಗ ಕಾರ್ಲ್‌ಗೆ ಆಗ ನಾಲ್ಕು ವರ್ಷ. ಊರೂರು ಸುತ್ತಿ ಕೊನೆಗೆ ಅರ್ಜೆಂಟೀನಾಕ್ಕೆ ಹೋದಾಗ ಕಾರ್ಲ್ ಹೋಗಿ ಕಾರ್ಲೋಸ್ ಆದ. ಮಗ ಸಂಗೀತಕ್ಕೆ ಬರೋದು ಅಪ್ಪನಿಗೆ ಇಷ್ಟವಿರಲಿಲ್ಲ. ಹಾಗಾಗಿ ಜ್ಯೂರಿಕ್‌ನಲ್ಲಿ ಕೆಮಿಸ್ಟ್ರಿ ಓದೋಕೆ ಸೇರಿದ. (ಈ ಭಾಗ ಓದುವಾಗ ನಮ್ಮ ಕಡೆಯ ಎಷ್ಟೋ ಜನ ಬಿಇಗಳಿಗೆ ನಗು ಬರಬಹುದು.) ಕೆಮಿಸ್ಟ್ರಿ ಬಿಟ್ಟು ಬಂದು 1954ರಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಮೊದಲ ಸಲ ಕೋಲು ಹಿಡಿದಾಗ ಹಾಕಿಕೊಂಡ ಹೆಸರು ಕಾರ್ಲ್ ಕೆಲ್ಲರ್. ಕ್ಲೈಬರ್ ಅನ್ನುವ ಹೆಸರು ಭಾರವಾಗಿತ್ತು ಅಂತ ಕಾಣುತ್ತೆ. ಎರಡು ವರ್ಷಕ್ಕೆ, 1956ರ ಜನವರಿ 27ರಂದು, ಅಪ್ಪ ಹೋಗಿಬಿಟ್ಟ. ಮೊಜಾರ್ಟ್ ಹುಟ್ಟಿ ಸರಿಯಾಗಿ 200 ವರ್ಷ ತುಂಬಿದ ದಿನ ಅದು.

ಆಮೇಲೆ ಕಾರ್ಲೋಸ್ ಮಾಡಿದ ಕೃತಿಗಳ ಪಟ್ಟಿ ತೆಗೆದು ನೋಡಿ. ‘ವೊಟ್ಸೆಕ್’, ‘ರೋಸೆನ್‌ಕವಲಿಯರ್’, ‘ಫ್ರೈಶುಟ್ಸ್’, ‘ಟ್ರಾವಿಯಾಟಾ’, ಬೀಥೋವನ್‌ನ ನಾಲ್ಕೈದು ಸಿಂಫನಿಗಳು... ಬಹುಪಾಲು ಅಪ್ಪ ನಡೆದ ದಾರಿಯೇ. ಅಪ್ಪ ಗುರುತು ಹಾಕಿದ್ದ ಸ್ಕೋರುಗಳನ್ನೇ, ಅಂದರೆ ಎಲ್ಲ ವಾದ್ಯಗಳ ಸ್ವರವನ್ನೂ ಒಟ್ಟಿಗೆ ಬರೆದ ಪುಸ್ತಕಗಳನ್ನೇ, ಮುಂದಿಟ್ಟುಕೊಂಡು ಓದುತ್ತಿದ್ದ. ಏಳನೇ ಸಿಂಫನಿಯ ಎರಡನೇ ಭಾಗದ ಕಟ್ಟಕಡೆಯ ಸ್ವರಗಳಿಗೆ ಬೀಥೋವನ್ ಬರೆದಿರೋದು ವಯೊಲಿನ್‌ಗಳು ಮತ್ತೆ ಕಮಾನು ಹಿಡಿಯಬೇಕು ಅಂತ. ಎರಿಖ್ ಅದನ್ನು ಬದಲಿಸಿ, ಬೆರಳಲ್ಲಿ ಮೀಟುವುದನ್ನೇ ಕೊನೆತನಕ ಮುಂದುವರಿಸುತ್ತಿದ್ದ. ಮಗನ 1976ರ ರೆಕಾರ್ಡಿಂಗ್‌ನಲ್ಲೂ ಅದೇ ಇದೆ!

ನನಗೆ ಇದು ಕೇಳಿದಾಗ ನೆನಪಾಗೋದು ನಮ್ಮ ಹಳೇ ಕೋಡ್. ಯಾರೋ ಸೀನಿಯರ್ ಹತ್ತು ವರ್ಷದ ಹಿಂದೆ ಒಂದು ಸಾಲು ಬರೆದಿರ್ತಾರೆ. ಯಾಕೆ ಅಂತ ಗೊತ್ತಿಲ್ಲ, ಸ್ಪೆಸಿಫಿಕೇಶನ್‌ಗೆ ವಿರುದ್ಧ ಕೂಡ ಇರುತ್ತೆ. ಆದರೂ ಯಾರೂ ಮುಟ್ಟಲ್ಲ. ಆದರೆ ಕ್ಲೈಬರ್ ವಿಷಯದಲ್ಲಿ ಇದನ್ನು ಬರೀ ಭಯ ಅನ್ನೋಕೂ ಆಗಲ್ಲ. ಆ ಕೊನೇ ಮೀಟು ಕೇಳಿ. ದೀಪ ಆರಿಸಿದ ಹಾಗಲ್ಲ, ಬತ್ತಿ ತಾನೇ ಸಣ್ಣಗಾಗಿ ಹೋದ ಹಾಗೆ ಮುಗಿಯುತ್ತೆ. ಬೀಥೋವನ್ ಬರೆದದ್ದಲ್ಲ ಅಂತ ಗೊತ್ತಿದ್ದೂ ನನಗೆ ಇದೇ ಇಷ್ಟ. ಅಪ್ಪನ ಗುರುತನ್ನು ಮಗ ಕಾಪಿ ಮಾಡಿಲ್ಲ, ನಂಬಿದ್ದಾನೆ.

1974ರಲ್ಲಿ ಮಾಡಿದ ಐದನೇ ಸಿಂಫನಿಯಲ್ಲೂ ಹಾಗೆಯೇ. ಅಪ್ಪ 1953ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಖೆಬೌ ಆರ್ಕೆಸ್ಟ್ರಾದ ಜೊತೆ ಇದನ್ನೇ ರೆಕಾರ್ಡ್ ಮಾಡಿದ್ದ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಮನೆತನ ಗೊತ್ತಾಗುತ್ತೆ. ಎಲ್ಲೂ ಹಿಗ್ಗಿಸೋದಿಲ್ಲ, ವಿಧಿ ಬಾಗಿಲು ತಟ್ಟಿತು ಅಂತ ನಾಟಕ ಮಾಡೋದಿಲ್ಲ. ಆದರೆ ಮಗನದ್ದರಲ್ಲಿ ಇನ್ನೊಂದು ಇದೆ. ಮೂರನೇ ಭಾಗ ಮುಗಿದು ನಾಲ್ಕನೆಯದಕ್ಕೆ ಹೋಗುವ ಕತ್ತಲೆಯ ದಾರಿಯಲ್ಲಿ ಟಿಂಪನಿ ಮೆಲ್ಲಗೆ ಬಡಿಯುತ್ತಿರುತ್ತಲ್ಲ, ಅಲ್ಲಿ ಎಷ್ಟು ಸಲ ಕೇಳಿದ್ದರೂ ‘ಈ ಸಲ ಬೆಳಕಾಗದೇ ಹೋದರೆ?’ ಅಂತ ಅನ್ನಿಸುತ್ತೆ. ಮುಂದೇನು ಅಂತ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡೋದು ಇದೆಯಲ್ಲ, ಅದಕ್ಕೆ ನಾನು ತಲೆಬಾಗ್ತೀನಿ.

ಇಲ್ಲೀತನಕ ಭಕ್ತನ ಮಾತಾಯಿತು. ಈಗ ತಕರಾರು.

ಕ್ಲೈಬರ್‌ನ ‘ಇಲ್ಲ’ಗಳನ್ನು ಅಭಿಮಾನಿಗಳು ಜಪಮಾಲೆ ಮಾಡಿಕೊಂಡಿದ್ದಾರೆ. ಸಂದರ್ಶನ ಹೆಚ್ಚುಕಡಿಮೆ ಕೊಡಲೇ ಇಲ್ಲ. ಸ್ಟುಟ್‌ಗಾರ್ಟ್ ಕೆಲಸ 1973ಕ್ಕೆ ಮುಗಿದ ಮೇಲೆ ಖಾಯಂ ಹುದ್ದೆ ಒಪ್ಪಲಿಲ್ಲ. 1989ರಲ್ಲಿ ಕಾರಾಯಾನ್ ನಂತರ ಬರ್ಲಿನ್ ಫಿಲ್‌ಹಾರ್ಮೋನಿಕ್‌ಗೆ ಯಾರು ಅಂದಾಗ ಈತನ ಹೆಸರೂ ಬಂತು, ಒಪ್ಪಲಿಲ್ಲ, ಹುದ್ದೆ ಅಬ್ಬಾಡೊಗೆ ಹೋಯಿತು. ಡ್ರೆಸ್ಡೆನ್‌ನಲ್ಲಿ ‘ಟ್ರಿಸ್ಟಾನ್’ ರೆಕಾರ್ಡಿಂಗ್ ಪೂರ್ತಿ ಆಗುವ ಮೊದಲೇ ಹೊರನಡೆದ. ಕಂಪನಿಯವರು ಇದ್ದ ಟೇಪುಗಳನ್ನು ಜೋಡಿಸಿ 1982ರಲ್ಲಿ ಹೊರತಂದರು. ಆಮೇಲೆ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. ಫ್ರಿಜ್ ಖಾಲಿಯಾದಾಗ ಮಾತ್ರ ಈತ ಕೋಲು ಹಿಡೀತಾನೆ ಅಂತ ಕಾರಾಯಾನ್ ತಮಾಷೆ ಮಾಡಿದ್ದನಂತೆ. 1996ರಲ್ಲಿ ಇಂಗೋಲ್‌ಸ್ಟಾಟ್‌ನಲ್ಲಿ ಒಂದು ಕಛೇರಿಗೆ ಸಂಭಾವನೆಯಾಗಿ ಆಡಿ ಕಾರು ತೆಗೆದುಕೊಂಡ. ಇದೆಲ್ಲ ಹೇಳುವಾಗ ಹೇಳುವವರ ಕಣ್ಣು ಹೊಳೆಯುತ್ತೆ. ಪರಿಪೂರ್ಣತೆಗಾಗಿ ಎಲ್ಲವನ್ನೂ ಬಿಟ್ಟ ಸಂತ ಅಂತ.

ನನ್ನ ಪ್ರಶ್ನೆ ಇಷ್ಟೇ. ಅಪ್ಪ 1934ರಲ್ಲಿ ಒಂದು ಸಲ ‘ಇಲ್ಲ’ ಅಂದ. ಅದರ ಬೆಲೆ ಯಾರು ಕೊಟ್ಟರು? ಆತನೇ. ಹುದ್ದೆ ಹೋಯಿತು, ದೇಶ ಹೋಯಿತು, ಮಗನ ಹೆಸರು ಕೂಡ ಬದಲಾಯಿತು. ಮಗ ಬದುಕಿಡೀ ‘ಇಲ್ಲ’ ಅನ್ನುತ್ತಲೇ ಇದ್ದ. ಅದರ ಬೆಲೆ ಹೆಚ್ಚಾಗಿ ಕೊಟ್ಟವರು ಬೇರೆಯವರು. ಟಿಕೆಟ್ ತೆಗೆದು ಕಾದವರು, ದಿನಗಟ್ಟಲೆ ರಿಹರ್ಸಲ್ ಮಾಡಿ ಕೂತ ವಾದಕರು, ಕೊನೇ ಗಳಿಗೆಗೆ ಓಡಿಬಂದ ಬದಲಿ ಕಂಡಕ್ಟರ್. ಎರಡು ‘ಇಲ್ಲ’ಗಳನ್ನೂ ಒಂದೇ ತಕ್ಕಡಿಗೆ ಹಾಕಿ ತೂಗೋದು ಅಪ್ಪನಿಗೆ ಮಾಡುವ ಅನ್ಯಾಯ.

ಇನ್ನೊಂದು ವಿಷಯ. ಮ್ಯೂನಿಕ್‌ನಲ್ಲಿ ಅಷ್ಟು ಚೆನ್ನಾಗಿ ‘ತೆರೇಸೆ’ ಅಂದ ಆ ಆರ್ಕೆಸ್ಟ್ರಾ ಯಾರದ್ದು? 1971ರಿಂದ 1992ರ ತನಕ ಆ ಒಪೆರಾ ಮನೆಯ ಸಂಗೀತದ ಹೊಣೆ ಹೊತ್ತಿದ್ದವನು ವುಲ್ಫ್‌ಗಾಂಗ್ ಸವಾಲಿಶ್. ವಿಯೆನ್ನಾದಲ್ಲಿ ಎದ್ದುಹೋದ ಮಾರನೇ ವರ್ಷ, 1983ರಲ್ಲಿ, ಕ್ಲೈಬರ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದೇ ನಾಲ್ಕನೇ ಮತ್ತು ಏಳನೇ ಸಿಂಫನಿ ನಡೆಸಿದ್ದು ಫಿಲ್ಮ್ ಆಗಿದೆ. ನೋಡಲೇಬೇಕಾದ್ದು. ಆ ಆರ್ಕೆಸ್ಟ್ರಾವನ್ನು 1961ರಿಂದ 1988ರ ತನಕ ನೋಡಿಕೊಂಡವನು ಬರ್ನಾರ್ಡ್ ಹೈಟಿಂಕ್. ಇವರಿಬ್ಬರ ಹೆಸರು ಹೇಳುವಾಗ ಯಾರೂ ಧ್ವನಿ ತಗ್ಗಿಸಲ್ಲ. ಪ್ರತೀ ವಾರ ಬಂದರು, ಇಷ್ಟವಿದ್ದದ್ದು ಇಲ್ಲದ್ದು ಎಲ್ಲ ಮಾಡಿದರು, ನಿವೃತ್ತಿಯಾದವರ ಜಾಗಕ್ಕೆ ಹೊಸಬರು ಬಂದಾಗ ಜೊತೆಗೆ ನಿಂತರು, ಮಂಗಳವಾರದ ಸಾಧಾರಣ ಕಛೇರಿಯನ್ನೂ ಬಿಡದೆ ನಡೆಸಿದರು. ಕ್ಲೈಬರ್ ಬಂದಿದ್ದು ಉತ್ತು, ನೀರು ಹಾಯಿಸಿ, ಕಳೆ ತೆಗೆದಿಟ್ಟ ಗದ್ದೆಗೆ. ಆತ ಬಿತ್ತಿದ್ದು ಅಪರೂಪದ ಬೀಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಕಂಡಕ್ಟರುಗಳೂ ಕ್ಲೈಬರ್‌ನ ಹಾಗೆ ಇದ್ದಿದ್ದರೆ ಆತನಿಗೆ ನಡೆಸೋಕೆ ಒಂದು ಆರ್ಕೆಸ್ಟ್ರಾವೂ ಇರುತ್ತಿರಲಿಲ್ಲ. ಬೆಳೆ ಚೆನ್ನಾಗಿ ಬಂದಾಗ ಬೀಜದವನನ್ನು ಮಾತ್ರ ಹೊಗಳೋದು ಗದ್ದೆ ಕೆಲಸ ಕಂಡವರಿಗೆ ಕಷ್ಟ.

ಇದನ್ನು ಇಷ್ಟು ಖಾರವಾಗಿ ಯಾಕೆ ಬರೀತಿದ್ದೀನಿ ಅಂದರೆ, ನನಗೂ ಇದರಲ್ಲಿ ಒಂದು ಪಾಲಿದೆ. ನನ್ನ ಬ್ಲಾಗಿನ ಒಳಗೆ ನಲವತ್ತರ ಹತ್ತಿರ ಡ್ರಾಫ್ಟ್‌ಗಳಿವೆ. ಎರಡು ಪ್ಯಾರಾ ಬರೆದು, ‘ಇನ್ನೂ ಸರಿಯಾಗಿಲ್ಲ’ ಅಂತ ಬಿಟ್ಟದ್ದು. ಮನೇಲಿ ಯಾರಾದರೂ ಯಾಕೋ ಬರೆಯೋದು ನಿಲ್ಲಿಸಿದೆ ಅಂದರೆ ಒಳಗೊಳಗೇ ಕ್ಲೈಬರ್ ನೆನಪಾಗುತ್ತಿದ್ದ. ಕಡಿಮೆ ಮಾಡೋರು ದೊಡ್ಡವರು ಅನ್ನೋ ಸಮಾಧಾನ. ಕೆಲಸದಲ್ಲೂ ಒಂದು ಸಲ ಹೀಗೆ ಮಾಡಿದ್ದೆ. ನಾನು ಬರೆದ ಮಾಡ್ಯೂಲ್ ‘ಇನ್ನೊಂಚೂರು’ ಅಂತ ಹಿಡಿದಿಟ್ಟುಕೊಂಡೆ. ಅದಕ್ಕಾಗಿ ಕಾಯುತ್ತಿದ್ದ ಇಬ್ಬರು ಹುಡುಗರು ಎರಡು ಶನಿವಾರ ಆಫೀಸಿಗೆ ಬರಬೇಕಾಯಿತು. ಅವರೇನೂ ಅನ್ನಲಿಲ್ಲ. ಆ ಸೋಮವಾರ ಬಸ್ಸಿನಲ್ಲಿ ಕೂತು ನಾಲ್ಕನೇ ಸಿಂಫನಿ ಹಾಕಿದಾಗ ಮೊದಲ ಬಾರಿಗೆ ನನಗೆ ವಿಯೆನ್ನಾದಲ್ಲಿ ವಯೊಲಿನ್ ಹಿಡಿದು ಸುಮ್ಮನೆ ಕೂತವರು ನೆನಪಾದರು. ಕ್ಲೈಬರ್‌ಗಾದರೋ ಆ ‘ತೆರೇಸೆ’ ನಿಜವಾಗಿ ಕೇಳಿಸುತ್ತಿತ್ತು. ನನಗೆ ಕೇಳಿಸುತ್ತಿದ್ದದ್ದು ನನ್ನ ಭಯ ಮಾತ್ರ.

ಕ್ಲೈಬರ್‌ಗೂ ಭಯ ಇರಲಿಲ್ಲವೇ? ಇತ್ತು ಅಂತಲೇ ನನ್ನ ಅನುಮಾನ. ಅಪ್ಪನ ಸ್ಕೋರಿನಲ್ಲಿ ಗುರುತು ಇಲ್ಲದ ಕಡೆ ಆತ ಹೋಗಿದ್ದು ಕಡಿಮೆ. ಆದರೆ ಭಯ ಇದ್ದವನು ವೇದಿಕೆಗೆ ಬಂದ ಮೇಲೆ ಹೇಗಿರುತ್ತಿದ್ದ ಅನ್ನೋದು ಬೇರೆಯೇ ಮಾತು. ಎದ್ದುಹೋದ ಅದೇ ವಿಯೆನ್ನಾದವರ ಜೊತೆ 1989ರ ಹೊಸ ವರ್ಷದ ಕಛೇರಿ ನೋಡಿ. ಎಷ್ಟೋ ಕಡೆ ತಾಳ ಹಾಕೋದನ್ನೇ ನಿಲ್ಲಿಸಿಬಿಡ್ತಾನೆ. ನಗುತ್ತಾ, ಅವರು ನುಡಿಸೋದನ್ನು ಕೇಳುತ್ತಾ ನಿಲ್ತಾನೆ. ಅಲ್ಲಿ ಸಂತನೂ ಇಲ್ಲ, ಹಠಮಾರಿಯೂ ಇಲ್ಲ. ಜೊತೆಯವರನ್ನು ನಂಬಿದ ಮನುಷ್ಯ ಇದ್ದಾನೆ. ನಾವು ಹೊಗಳಬೇಕಾದ್ದು ಈ ಕ್ಲೈಬರ್‌ನನ್ನು, ಬಂದವನನ್ನು. ಬಾರದೇ ಉಳಿದವನನ್ನಲ್ಲ.

2003ರ ಕೊನೆಗೆ ಹೆಂಡತಿ ತೀರಿಕೊಂಡಳು. 2004ರ ಜುಲೈ 11ರಂದು ಆತನೂ ಹೋದ. ಇಬ್ಬರೂ ಆಕೆಯ ದೇಶವಾದ ಸ್ಲೊವೇನಿಯಾದ ಕೊನ್ಯಿಶಿತ್ಸಾ ಅನ್ನೋ ಸಣ್ಣ ಹಳ್ಳಿಯಲ್ಲಿ ಮಲಗಿದ್ದಾರೆ.

ಹೋಗುವ ಮುಂಚಿನ ವರ್ಷ ಒಂದು ಸಿಡಿ ಬಂತು. ಬೀಥೋವನ್‌ನ ಆರನೇ ಸಿಂಫನಿ, ‘ಪ್ಯಾಸ್ಟೊರಲ್’. ಹಳ್ಳಿ, ತೊರೆ, ಮಳೆ, ಮಳೆ ನಿಂತ ಮೇಲಿನ ಸಮಾಧಾನ. ಆತ ಇದನ್ನು ಬದುಕಿನಲ್ಲಿ ನಡೆಸಿದ್ದು ಒಂದೇ ಸಲ, 1983ರ ನವೆಂಬರ್‌ನಲ್ಲಿ, ಮ್ಯೂನಿಕ್‌ನಲ್ಲಿ. ಮೂಲ ಟೇಪು ಬಳಸೋಕೆ ಬರದಷ್ಟು ಹಾಳಾಗಿತ್ತು. ಉಳಿದಿದ್ದು ಮಗನಿಗೆ ಅಂತ ಮಾಡಿಕೊಟ್ಟಿದ್ದ ಒಂದು ಕ್ಯಾಸೆಟ್ಟು. ಸಿಡಿ ಆಗಿದ್ದು ಅದರಿಂದ. ಧ್ವನಿ ಅಷ್ಟು ಶುದ್ಧ ಇಲ್ಲ, ಕೆಲವು ಕಡೆ ಆತುರ ಜಾಸ್ತಿಯಾಯಿತು ಅಂತಲೂ ಅನ್ನಿಸುತ್ತೆ. ಪರಿಪೂರ್ಣ ಅಂತ ಯಾರೂ ಹೇಳಲ್ಲ. ನಾನು ಮಾತ್ರ ಆತನ ಬೇರೆಲ್ಲ ರೆಕಾರ್ಡಿಗಿಂತ ಈಗ ಇದನ್ನೇ ಜಾಸ್ತಿ ಕೇಳ್ತಿದ್ದೀನಿ.